ಓಡಿದಷ್ಟೂ ಹಿಂದುಳಿಯುವ ನೌಕೆ
ಬಾಹ್ಯಾಕಾಶದ ಆಟಗಳು, ಸಿನಿಮಾಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ರಾಕೆಟ್ ಹಾರಿಸುವ ಕಂಪ್ಯೂಟರ್ ಆಟವೊಂದರ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಮುಂಬಯಿ, ಪುಣೆ, ಗೋವೆಗಳಿಂದ ಪತ್ರಗಳ ಕಟ್ಟೇ ಬಂದಿದೆ. ಈ ಮೂರು ಊರುಗಳ ಕನ್ನಡಿಗರಲ್ಲಿ ಈ ಹುಚ್ಚಿನವರು ಇಷ್ಟು ಮಂದಿ ಇದ್ದಾರೆಂದು ನಾನು ಅಂದುಕೊಂಡಿರಲಿಲ್ಲ. ಪತ್ರಗಳಲ್ಲಿ ಮುಕ್ಕಾಲು ಪಾಲು ದೂರುಗಳೇ. ಮುಲುಂಡಿನ ಎರಡು ಕೋಣೆಯ ಮನೆಯಲ್ಲಿ ಹತ್ತು ವರ್ಷಗಳಿಂದ ರಾತ್ರಿ ಊಟವಾದ ಮೇಲೆ ನಾನೂ ರಾಕೆಟ್ ಹಾರಿಸುತ್ತ ಬಂದವನಾದ್ದರಿಂದ, ಕೆಳಗಿನ ಉತ್ತರಗಳಲ್ಲಿ ಪಕ್ಷಪಾತ ಕಂಡರೆ ಅದು ಇದ್ದೇ ಇದೆ ಎಂದು ತಿಳಿಯಬೇಕು.

ಪ್ರಶ್ನೆ: ಆರು ತಿಂಗಳಿನಿಂದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ರಾಕೆಟ್ ಕಟ್ಟುವ ಆಟದಲ್ಲಿ ಮುಳುಗಿದ್ದೇನೆ. ನೌಕೆಯನ್ನು ಕಕ್ಷೆಗೆ ಸೇರಿಸುವಷ್ಟು ಕಲಿತಿದ್ದೇನೆ. ಆದರೆ ಕಕ್ಷೆಯಲ್ಲಿರುವ ನನ್ನದೇ ನಿಲ್ದಾಣಕ್ಕೆ ಎರಡನೆಯ ನೌಕೆಯನ್ನು ಜೋಡಿಸಲು ಹೋದಾಗಲೆಲ್ಲ ಸೋಲುತ್ತೇನೆ. ನಿಲ್ದಾಣ ಮುಂದೆ ಐವತ್ತು ಕಿಲೋಮೀಟರ್ ದೂರದಲ್ಲಿರುತ್ತದೆ. ಅದರತ್ತ ಮೂತಿ ತಿರುಗಿಸಿ ಇಂಜಿನ್ ಉರಿಸುತ್ತೇನೆ. ಸ್ವಲ್ಪ ಹೊತ್ತು ಹತ್ತಿರವಾದಂತೆ ತೋರಿ, ಆಮೇಲೆ ಅದು ದೂರ ಸರಿಯುತ್ತಲೇ ಹೋಗುತ್ತದೆ. ಆಟದಲ್ಲೇ ದೋಷವಿದೆಯೇ? ಲ್ಯಾಪ್‌ಟಾಪ್ ಮಾರಿಬಿಡಿ ಎಂದು ಮನೆಯಲ್ಲಿ ಒತ್ತಾಯ ಶುರುವಾಗಿದೆ.
— ಬ್ಯಾಂಕ್ ಉದ್ಯೋಗಿ, ಡೊಂಬಿವಲಿ

ಉತ್ತರ: ಲ್ಯಾಪ್‌ಟಾಪ್ ಮಾರಬೇಡಿ. ಆಟ ಸರಿಯಾಗಿಯೇ ಇದೆ. ಅಡ್ಡ ಬರುತ್ತಿರುವುದು ಮುಂಬಯಿ ನಮ್ಮ ಕಾಲುಗಳಿಗೆ ಕಲಿಸಿದ ಅಭ್ಯಾಸ. ಡೊಂಬಿವಲಿ ಸ್ಟೇಶನ್ನಿನಲ್ಲಿ ಓಡಿದವನಿಗೆ ಗಾಡಿ ಸಿಗುತ್ತದೆ. ಕಕ್ಷೆಯಲ್ಲಿ ಓಡಿದವನಿಗೆ ಗಾಡಿ ತಪ್ಪುತ್ತದೆ.

ಕಾರಣ ಹೀಗಿದೆ. ಕಕ್ಷೆಯಲ್ಲಿರುವ ನೌಕೆ ಗ್ರಹದ ಸುತ್ತ ನಿರಂತರವಾಗಿ ಬೀಳುತ್ತಲೇ ಇರುತ್ತದೆ, ಅಡ್ಡವೇಗ ಇರುವುದರಿಂದ ನೆಲ ಮುಟ್ಟುವುದಿಲ್ಲ, ಅಷ್ಟೆ. ನೀವು ಮುಂದಕ್ಕೆ ತಳ್ಳಿಕೊಂಡಾಗ ಆ ಕ್ಷಣಕ್ಕೆ ವೇಗ ಹೆಚ್ಚುವುದು ನಿಜ. ಆದರೆ ಆ ವೇಗದಿಂದ ನಿಮ್ಮ ಕಕ್ಷೆಯ ಎದುರುಬದಿ ಮೇಲಕ್ಕೆ ಉಬ್ಬುತ್ತದೆ, ಸುತ್ತುವ ದಾರಿ ಉದ್ದವಾಗುತ್ತದೆ, ಮೇಲೇರಿದ ನೌಕೆ ಅಲ್ಲಿ ನಿಧಾನವಾಗುತ್ತದೆ, ಒಂದು ಸುತ್ತು ಮುಗಿಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನಿಲ್ದಾಣ ತನ್ನ ಚಿಕ್ಕ ದಾರಿಯಲ್ಲಿ ಮುಂದೆ ಹೋಗಿರುತ್ತದೆ. ಹಾಗಾಗಿ ಮುಂದಿರುವುದನ್ನು ಹಿಡಿಯಬೇಕಾದರೆ ಬ್ರೇಕು ಹಾಕಬೇಕು: ಹಿಂಬದಿಗೆ ತಳ್ಳಿ ಕೆಳಗಿನ ಕಕ್ಷೆಗೆ ಇಳಿದರೆ ಅಲ್ಲಿ ದಾರಿಯೂ ಕಡಿಮೆ, ವೇಗವೂ ಹೆಚ್ಚು.

ನಿಮ್ಮ ಆಟದ ಲೆಕ್ಕವನ್ನೇ ನೋಡಿ. ಅದರ ಕರ್ಬಿನ್ ಗ್ರಹದ ತ್ರಿಜ್ಯ 600 ಕಿ.ಮೀ., ಮೇಲ್ಮೈಯಲ್ಲಿ ಗುರುತ್ವ ಮಾತ್ರ ನಮ್ಮ ಭೂಮಿಯಷ್ಟೇ. 100 ಕಿ.ಮೀ. ಎತ್ತರದಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 2,246 ಮೀಟರ್, ಒಂದು ಸುತ್ತಿಗೆ ಮೂವತ್ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ. 80 ಕಿ.ಮೀ. ಎತ್ತರದಲ್ಲಿ ವೇಗ ಸುಮಾರು 2,279 ಮೀಟರ್, ಒಂದು ಸುತ್ತಿಗೆ ಮೂವತ್ತೊಂದು ನಿಮಿಷ ಚಿಲ್ಲರೆ. ಅಂದರೆ ಇಪ್ಪತ್ತು ಕಿಲೋಮೀಟರ್ ಕೆಳಗಿದ್ದರೆ ಪ್ರತಿ ಸುತ್ತಿಗೂ ಸುಮಾರು 83 ಸೆಕೆಂಡು ಲಾಭ. ಅಷ್ಟು ಹೊತ್ತಿನಲ್ಲಿ ಮೇಲಿನ ನಿಲ್ದಾಣ ಕ್ರಮಿಸುವ ದೂರ ನೂರೆಂಬತ್ತು ಕಿಲೋಮೀಟರಿಗೂ ಹೆಚ್ಚು. ನಿಮ್ಮ ಐವತ್ತು ಕಿಲೋಮೀಟರ್ ಅಂತರ ಮುಚ್ಚಲು ಐದಾರು ಕಿಲೋಮೀಟರ್ ಕೆಳಗಿಳಿದು ಒಂದು ಸುತ್ತು ಕಾದರೆ ಸಾಕು. ಹತ್ತಿರ ಬಂದ ಮೇಲೆ, ಅಂತರ ಅತಿ ಕಡಿಮೆಯಾಗುವ ಬಿಂದುವಿನಲ್ಲಿ, ನಿಲ್ದಾಣಕ್ಕೆ ಹೋಲಿಸಿದ ನಿಮ್ಮ ವೇಗವನ್ನು ಪೂರ್ತಿ ಸೊನ್ನೆ ಮಾಡಿಕೊಳ್ಳಿ. ಪರದೆಯ ಕೆಳಗಿನ ಗೋಳದಲ್ಲಿ ವೇಗದ ಅಂಕಿಯ ಮೇಲೆ ಒತ್ತಿದರೆ ಅದು ಗುರಿಯ ಲೆಕ್ಕಕ್ಕೆ ಬದಲಾಗುತ್ತದೆ. ಹೊಸಬರಲ್ಲಿ ಹೆಚ್ಚಿನವರು ಎಡವುವುದು ಅದನ್ನು ಒತ್ತದೆ. ಅಂತರ ಒಂದೆರಡು ಕಿಲೋಮೀಟರಿಗೆ ಇಳಿದ ಮೇಲೆ ಮಾತ್ರ ನಮ್ಮ ನೆಲದ ಬುದ್ಧಿ ಕೆಲಸಕ್ಕೆ ಬರುತ್ತದೆ: ಮೂತಿ ಗುರಿಯತ್ತ, ಮೆಲ್ಲನೆ ಒಂದು ತಳ್ಳು, ಆಮೇಲೆ ಕೈಕಟ್ಟಿ ಕೂರುವುದು.

ನೀವು ಮಾಡಿದ ತಪ್ಪನ್ನು ನಿಜವಾದ ಗಗನಯಾತ್ರಿಯೊಬ್ಬರು ನಿಜವಾದ ಆಕಾಶದಲ್ಲೇ ಮಾಡಿದ್ದರು. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮನ್ನು ಕಕ್ಷೆಗೆ ಸೇರಿಸಿದ ರಾಕೆಟ್ಟಿನ ಖಾಲಿ ಹಂತವನ್ನು ಸಮೀಪಿಸಲು ಹೋಗಿ, ನಿಮ್ಮಂತೆಯೇ ಅದರತ್ತ ಗುರಿಯಿಟ್ಟು ತಳ್ಳಿದರು. ಅದು ದೂರ ಸರಿಯಿತು. ಇಂಧನ ಬಹಳಷ್ಟು ಕರಗಿದ ಮೇಲೆ ಪ್ರಯತ್ನವನ್ನು ಕೈಬಿಡಬೇಕಾಯಿತು. ಮುಂದೆ ಚಂದ್ರನ ಮೇಲೆ ಎರಡನೆಯವರಾಗಿ ಹೆಜ್ಜೆಯಿಟ್ಟ ಬಜ್ ಆಲ್ಡ್ರಿನ್ 1963ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದದ್ದು ಕಕ್ಷೆಯಲ್ಲಿ ಎರಡು ನೌಕೆಗಳನ್ನು ಸಂಧಿಸುವ ಈ ವಿಷಯದ ಮೇಲೆಯೇ. ಮೊದಲ ಸಮೀಪಿಸುವಿಕೆ 1965ರ ಡಿಸೆಂಬರಿನಲ್ಲಿ ಜೆಮಿನಿ 6ಎ ಮತ್ತು 7ರ ನಡುವೆ ನಡೆಯಿತು. ಮೊದಲ ಜೋಡಣೆ 1966ರ ಮಾರ್ಚ್ 16ರಂದು ನೀಲ್ ಆರ್ಮ್‌ಸ್ಟ್ರಾಂಗ್ ಇದ್ದ ಜೆಮಿನಿ 8ರಿಂದ ಆಯಿತು. ನಮ್ಮ ಇಸ್ರೋದ ಸ್ಪೇಡೆಕ್ಸ್ ಉಪಗ್ರಹಗಳೆರಡು 2024ರ ಡಿಸೆಂಬರ್ 30ರಂದು ಹಾರಿ, ಎರಡು ಸಲ ಮುಂದೂಡಿಕೆ ಕಂಡು, ಒಮ್ಮೆ ಮೂರು ಮೀಟರ್ ಅಂತರದವರೆಗೆ ಬಂದು ಮತ್ತೆ ಹಿಂದೆ ಸರಿದು, ಕೊನೆಗೆ 2025ರ ಜನವರಿ 16ರಂದು ಕೂಡಿಕೊಂಡವು. ಆ ಹದಿನೈದಿಪ್ಪತ್ತು ದಿನ ದಿನಪತ್ರಿಕೆ ಓದುತ್ತ ‘ಇಷ್ಟು ತಡವೇಕೆ’ ಎಂದು ಕೇಳದೆ ಇದ್ದವರು ಈ ಆಟ ಆಡುವವರು ಮಾತ್ರ ಎಂಬುದು ನನ್ನ ಅನುಮಾನ.

ನನ್ನ ಮೊದಲ ಜೋಡಣೆಗೆ ಮೂರು ವಾರ ಹಿಡಿಯಿತು. ಆ ರಾತ್ರಿ ಅಂತರ ನಲವತ್ತು ಮೀಟರಿಗೆ ಬಂದಿತ್ತು, ವೇಗ ಸೆಕೆಂಡಿಗೆ ಮೂವತ್ತು ಸೆಂಟಿಮೀಟರ್, ಬೆರಳು ಕೀಲಿಮಣೆಯ ಮೇಲೆ ಇಟ್ಟೂ ಇಡದಂತೆ ತಡವರಿಸುತ್ತಿತ್ತು. ಅಷ್ಟರಲ್ಲಿ ನೌಕೆ ಗ್ರಹದ ನೆರಳಿಗೆ ಜಾರಿ ಪರದೆಯೆಲ್ಲ ಕಪ್ಪಾಯಿತು. ಎರಡು ನೌಕೆಗಳಿಗೂ ದೀಪ ಜೋಡಿಸಲು ಮರೆತಿದ್ದೆ. ಕತ್ತಲೆಯಲ್ಲಿ ಅಂಕಿಗಳು ಮಾತ್ರ ಇಳಿಯುತ್ತಿದ್ದವು: ಹನ್ನೆರಡು, ಒಂಬತ್ತು, ಆರು. ಆಮೇಲೆ ಅಂಕಿ ಏರತೊಡಗಿತು, ಪಕ್ಕದಿಂದ ತಪ್ಪಿಸಿಕೊಂಡು ಹೋಗಿದ್ದೆ. ವೇಗವನ್ನು ಸೊನ್ನೆ ಮಾಡಿಕೊಂಡು ಹತ್ತು ನಿಮಿಷ ಕಾದೆ. ಗ್ರಹದ ಅಂಚಿನಲ್ಲಿ ಬೆಳಕು ಮೂಡಿದಾಗ ನೋಡಿದರೆ ನಿಲ್ದಾಣದ ಸೌರಫಲಕವೊಂದು ನನ್ನ ನೌಕೆಯ ಮೂತಿಗೆ ಒಂದು ಮಾರು ದೂರದಲ್ಲಿ ಮೌನವಾಗಿ ತಿರುಗುತ್ತಿತ್ತು. ಆ ರಾತ್ರಿ ಜೋಡಣೆಯಾಗಲಿಲ್ಲ, ಮರುರಾತ್ರಿ ಆಯಿತು. ಅದನ್ನು ನೋಡಲು ಮನೆಯವರನ್ನೆಲ್ಲ ಎಬ್ಬಿಸಿದ್ದು ಈಗ ನಾಚಿಕೆಯ ವಿಷಯ.

ಪ್ರಶ್ನೆ: ಸಿನಿಮಾಗಳಲ್ಲಿ ಗಗನನೌಕೆ ಸ್ಫೋಟಿಸಿದಾಗ ಕಿವಿ ಕಿವುಡಾಗುವಂತೆ ಸದ್ದು ಮಾಡುತ್ತಾರೆ. ಗಾಳಿಯಿಲ್ಲದಲ್ಲಿ ಸದ್ದೆಲ್ಲಿಂದ ಬರಬೇಕು? ನಾನು ಚಿತ್ರಮಂದಿರದಲ್ಲಿ ಇದನ್ನು ಹೇಳಿದರೆ ಗೆಳೆಯರು ಬಾಯಿ ಮುಚ್ಚಿಸುತ್ತಾರೆ. ವಿಜ್ಞಾನದ ತಪ್ಪುಗಳನ್ನು ಸಹಿಸಿಕೊಂಡು ನೋಡುವುದು ಹೇಗೆ?
— ವಿದ್ಯಾರ್ಥಿ, ಕೋಥರೂಡ್, ಪುಣೆ

ಉತ್ತರ: ಚಿತ್ರಮಂದಿರದಲ್ಲಿ ಗೆಳೆಯರ ಮಾತು ಕೇಳಿ, ಟಿಕೆಟ್ಟಿಗೆ ದುಡ್ಡು ಕೊಟ್ಟವರು ಅವರೂ ಹೌದು. ಆದರೆ ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಬೆರೆತಿವೆ, ಅವನ್ನು ಬಿಡಿಸಬೇಕು.

ಮಾಟುಂಗದ ಸಭಾಗೃಹಗಳಲ್ಲಿ ಊರಿನ ಮೇಳದವರು ಬಂದು ಯಕ್ಷಗಾನ ಆಡುವುದನ್ನು ನೋಡಿದ್ದೀರಾದರೆ, ವೇಷಧಾರಿ ರಂಗದ ಮೇಲೆ ಒಂದು ಸುತ್ತು ಹಾಕಿದರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದಂತಾಯಿತು ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಯುದ್ಧಭೂಮಿಯಲ್ಲಿ ಚೆಂಡೆ ಬಾರಿಸುವವರು ಎಲ್ಲಿಂದ ಬಂದರು ಎಂದೂ ಕೇಳುವುದಿಲ್ಲ. ಸಿನಿಮಾದ ಸ್ಫೋಟದ ಸದ್ದು ಆ ಚೆಂಡೆಯ ಜಾತಿಗೆ ಸೇರಿದ್ದು. ಅದನ್ನು ಬಿಟ್ಟುಕೊಟ್ಟವರು ಇದ್ದಾರೆ: 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ನೌಕೆಯ ಹೊರಗೆ ಗಗನಯಾತ್ರಿಯ ಉಸಿರಾಟದ ಸದ್ದೊಂದೇ ಕೇಳಿಸುತ್ತದೆ, ಕೆಲವು ಕಡೆ ಅದೂ ಇಲ್ಲ, ಮತ್ತು ಆ ಮೌನ ಯಾವ ಸ್ಫೋಟಕ್ಕಿಂತಲೂ ಹೆಚ್ಚು ಹೆದರಿಸುತ್ತದೆ. ಆದರೂ ಸದ್ದು ಮಾಡುವವರ ಮೇಲೆ ನನಗೆ ಕೋಪವಿಲ್ಲ.

ಕೋಪ ಬರಬೇಕಾದ್ದು ಬೇರೆ ಕಡೆ. ಅದೇ ಯಕ್ಷಗಾನದಲ್ಲಿ, ಚಕ್ರವ್ಯೂಹದಿಂದ ಹೊರಬರುವ ದಾರಿಯೂ ಅಭಿಮನ್ಯುವಿಗೆ ಗೊತ್ತಿತ್ತು ಎಂದು ಭಾಗವತರು ಹಾಡಿಬಿಟ್ಟರೆ ಏನಾಗುತ್ತದೆ? ಪ್ರಸಂಗವೇ ಉಳಿಯುವುದಿಲ್ಲ. ಬಾಹ್ಯಾಕಾಶದ ಕಥೆಯಲ್ಲಿ ಕಕ್ಷೆ, ಇಂಧನ, ದೂರ, ತಡ ಇವೇ ವ್ಯೂಹ. ಅವನ್ನು ಸಡಿಲಿಸಿದ ಕೂಡಲೇ ನಾಯಕನ ಕಷ್ಟ ಕಷ್ಟವಾಗಿ ಉಳಿಯುವುದಿಲ್ಲ. 2013ರ ‘ಗ್ರಾವಿಟಿ’ ಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ; ಅದರ ಮೌನ, ಅದರ ಬೆಳಕು, ಕೈಗವಸಿನ ಮೂಲಕ ಮಾತ್ರ ಕೇಳುವ ಕಂಪನ, ಎಲ್ಲವೂ ನನಗೆ ಇಷ್ಟ. ಆದರೆ ಹಬಲ್ ದೂರದರ್ಶಕದ ಬಳಿಯಿಂದ ಬೆನ್ನಿಗೆ ಕಟ್ಟಿದ ಜೆಟ್ ಹಿಡಿದು ಇಬ್ಬರು ಗಗನಯಾತ್ರಿಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದತ್ತ ಹೊರಡುತ್ತಾರಲ್ಲ, ಅಲ್ಲಿ ನನ್ನ ಕೈ ನೆತ್ತಿಗೆ ಹೋಗುತ್ತದೆ. ಹಬಲ್‌ನ ಕಕ್ಷೆ ಭೂಮಧ್ಯರೇಖೆಗೆ 28.5 ಡಿಗ್ರಿ ಓರೆ, ನಿಲ್ದಾಣದ್ದು 51.6 ಡಿಗ್ರಿ. ಎತ್ತರದ ವ್ಯತ್ಯಾಸ ಹಾಗಿರಲಿ, ಈ ಓರೆಯನ್ನು ತಿದ್ದಿಕೊಳ್ಳುವುದಕ್ಕೇ ಕಡಿಮೆಯೆಂದರೂ ಸೆಕೆಂಡಿಗೆ 3 ಕಿಲೋಮೀಟರಿನಷ್ಟು ವೇಗ ಬದಲಾಗಬೇಕು. ಅಷ್ಟಕ್ಕೆ ಬೇಕಾಗುವುದು ದೊಡ್ಡದೊಂದು ರಾಕೆಟ್ ಹಂತ, ಬೆನ್ನಿನ ಚೀಲವಲ್ಲ. ‘ಕಾಣುತ್ತಿದೆ, ಆದರೆ ಎಂದೂ ತಲುಪಲಾರೆವು’ ಎಂಬುದೇ ಆ ಇಬ್ಬರ ನಿಜವಾದ ಸಂಕಟವಾಗಬಹುದಿತ್ತು.

2015ರ ‘ದಿ ಮಾರ್ಷಿಯನ್’ ಆರಂಭದ ಬಿರುಗಾಳಿಯದೂ ಇದೇ ಕಥೆ. ಮಂಗಳದ ವಾಯುಒತ್ತಡ ಭೂಮಿಯದರ ನೂರರಲ್ಲೊಂದು ಪಾಲಿಗೂ ಕಡಿಮೆಯಾದ್ದರಿಂದ ಅಲ್ಲಿಯ ಗಾಳಿ ಎಷ್ಟೇ ಬೀಸಿದರೂ ರಾಕೆಟ್ಟನ್ನು ವಾಲಿಸಲಾರದು. ಇದು ಗೊತ್ತಿದ್ದೇ ಹಾಗೆ ಬರೆದೆನೆಂದು ಮೂಲ ಕಾದಂಬರಿಕಾರರೇ ಒಪ್ಪಿಕೊಂಡಿದ್ದಾರೆ. ಅದನ್ನು ನಾನು ಕ್ಷಮಿಸುತ್ತೇನೆ, ಏಕೆಂದರೆ ಅಲ್ಲಿಂದಾಚೆ ಆ ಕಥೆ ಆಲೂಗಡ್ಡೆಯ ಲೆಕ್ಕ, ನೀರಿನ ಲೆಕ್ಕ, ದಿನಗಳ ಲೆಕ್ಕ ಯಾವುದನ್ನೂ ಕಳ್ಳತನದಿಂದ ಸರಿಪಡಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಕ್ಷುದ್ರಗ್ರಹಗಳ ಪಟ್ಟಿಯ ನಡುವೆ ನೌಕೆಗಳು ಬಂಡೆಗಳನ್ನು ತಪ್ಪಿಸುತ್ತ ಹಾರುವುದು ನಿಜವೇ?
— ಓದುಗರು, ವಾಶಿ, ನವಿ ಮುಂಬಯಿ

ಉತ್ತರ: ಇಲ್ಲ. ಅಲ್ಲಿ ಒಂದು ದೊಡ್ಡ ಬಂಡೆಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಲಕ್ಷಾಂತರ ಕಿಲೋಮೀಟರ್ ಅಂತರ. 1972ರಲ್ಲಿ ಹೊರಟ ಪಯೊನಿಯರ್ 10 ಆ ಪಟ್ಟಿಯನ್ನು ಮೊದಲ ಬಾರಿಗೆ ದಾಟಿತು. ಯಾವ ಬಂಡೆಗೂ ಡಿಕ್ಕಿ ಹೊಡೆಯಲಿಲ್ಲ. ಅಲ್ಲಿ ನಿಂತು ನೋಡಿದರೆ ಬರಿಗಣ್ಣಿಗೆ ಒಂದು ಬಂಡೆ ಕಂಡರೂ ಅದೃಷ್ಟ. ಕುರ್ಲಾ ಸ್ಟೇಶನ್ನಿನ ಸಂಜೆಯ ಸೇತುವೆಯನ್ನು ಆಕಾಶಕ್ಕೆ ಎತ್ತಿ ಕಟ್ಟಿದವರು ಸಿನಿಮಾದವರು.

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗ ದಿನಕ್ಕೆ ಎರಡು ಗಂಟೆ ಬಾಹ್ಯಾಕಾಶ ಕಾಳಗದ ಆಟ ಆಡುತ್ತಾನೆ. ‘ಇದು ವಿಜ್ಞಾನ ಅಮ್ಮ’ ಎನ್ನುತ್ತಾನೆ. ನಿಜವಾಗಿಯೂ ಏನಾದರೂ ಕಲಿಯುತ್ತಾನೆಯೇ?
— ತಾಯಿ, ಮಡಗಾಂವ್, ಗೋವಾ

ಉತ್ತರ: ಕೈಚಳಕ ಕಲಿಯುತ್ತಾನೆ, ವಿಜ್ಞಾನವನ್ನು ಅಷ್ಟಾಗಿ ಕಲಿಯುವುದಿಲ್ಲ. ಅಂಥ ಬಹುತೇಕ ಆಟಗಳಲ್ಲಿ ನೌಕೆ ವಿಮಾನದಂತೆ ಓರೆಯಾಗಿ ತಿರುಗುತ್ತದೆ, ಇಂಜಿನ್ ಆರಿಸಿದರೆ ನಿಲ್ಲುತ್ತದೆ. ಗಾಳಿಯಿಲ್ಲದ ಕಡೆ ತಿರುಗಲು ರೆಕ್ಕೆಗೆ ಆಧಾರವಿಲ್ಲ, ನಿಲ್ಲಿಸಲು ಘರ್ಷಣೆಯಿಲ್ಲ. ಈ ಅಭ್ಯಾಸ ಬಂದದ್ದು ಸಿನಿಮಾದಿಂದ: 1977ರ ‘ಸ್ಟಾರ್ ವಾರ್ಸ್’ ಚಿತ್ರದ ಕಾಳಗಗಳನ್ನು ಎರಡನೆಯ ಮಹಾಯುದ್ಧದ ವಿಮಾನ ಕಾಳಗಗಳ ಚಿತ್ರತುಣುಕುಗಳನ್ನು ಮುಂದಿಟ್ಟುಕೊಂಡೇ ಹೆಣೆದರು.

ವಿಚಿತ್ರವೆಂದರೆ ಇದಕ್ಕಿಂತ ಹಳೆಯ ಆಟ ಹೆಚ್ಚು ಸರಿಯಾಗಿತ್ತು. 1962ರಲ್ಲಿ ಎಂಐಟಿಯಲ್ಲಿ, ಕಪಾಟುಗಳ ಸಾಲಿನಷ್ಟು ದೊಡ್ಡದಾದ ಪಿಡಿಪಿ-1 ಕಂಪ್ಯೂಟರಿನ ಮೇಲೆ, ಸ್ಟೀವ್ ರಸೆಲ್ ಮತ್ತು ಗೆಳೆಯರು ಬರೆದ ‘ಸ್ಪೇಸ್‌ವಾರ್’ ಆಟದಲ್ಲಿ ಪರದೆಯ ನಡುವೆ ಒಂದು ನಕ್ಷತ್ರವಿದ್ದು, ಎರಡು ನೌಕೆಗಳನ್ನೂ ತನ್ನತ್ತ ಸೆಳೆಯುತ್ತಿತ್ತು. ತಳ್ಳಿಕೊಂಡ ವೇಗ ತಾನಾಗಿ ಇಳಿಯುತ್ತಿರಲಿಲ್ಲ. ಅರುವತ್ತು ವರ್ಷಗಳಲ್ಲಿ ಚಿತ್ರಗಳು ಅಂದವಾದವು, ಗುರುತ್ವ ಮಾತ್ರ ಕಳೆದುಹೋಯಿತು. ಮಗನಿಗೆ ಆ ಹಳೆಯ ಆಟದ ಈಗಿನ ರೂಪವೊಂದನ್ನು ಹುಡುಕಿ ಕೊಡಿ, ಅರ್ಧ ಗಂಟೆಯಲ್ಲಿ ಅವನೇ ವ್ಯತ್ಯಾಸ ಹೇಳುತ್ತಾನೆ. ಖರ್ಚಿಲ್ಲದೆ ಸಿಗುವ ‘ಸ್ಟೆಲೇರಿಯಂ’ ಎಂಬ ತಂತ್ರಾಂಶದಲ್ಲಿ ನಿಮ್ಮ ಮಡಗಾಂವಿನ ಆಕಾಶವನ್ನೇ ಇಂದು ರಾತ್ರಿ ಎಂಟು ಗಂಟೆಗೆ ನಿಲ್ಲಿಸಿ ತೋರಿಸಬಹುದು. ಗೋವೆಯಲ್ಲಿ ಹವ್ಯಾಸಿ ಖಗೋಳಾಸಕ್ತರು ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ. ಮಳೆಗಾಲ ಕಳೆದ ಮೇಲೆ ಒಮ್ಮೆ ಕರೆದುಕೊಂಡು ಹೋಗಿ. ಶನಿಯ ಉಂಗುರ ಒಂದು ಸಲ ದೂರದರ್ಶಕದಲ್ಲಿ ಕಂಡರೆ, ಆಟದ ಶನಿಯ ಬಗ್ಗೆ ಅವನೇ ತಕರಾರು ತೆಗೆಯುತ್ತಾನೆ. ಎರಡು ಗಂಟೆಯನ್ನು ಒಂದಕ್ಕೆ ಇಳಿಸುವುದು ಹೇಗೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ನನ್ನ ಮನೆಯಲ್ಲೂ ಅದು ಬಗೆಹರಿದಿಲ್ಲ.

ಪ್ರಶ್ನೆ: ಲೆಕ್ಕವಿಲ್ಲದಷ್ಟು ಗ್ರಹಗಳಿವೆ ಎಂಬ ಪ್ರಚಾರ ನಂಬಿ ‘ನೋ ಮ್ಯಾನ್ಸ್ ಸ್ಕೈ’ ತೆಗೆದುಕೊಂಡೆ. ಮೊದಲ ಗ್ರಹದಲ್ಲಿ ಇಳಿದಾಗ ಮೈ ಜುಮ್ಮೆಂದಿತು. ಹದಿನೈದನೆಯದರ ಹೊತ್ತಿಗೆ ಆಕಳಿಕೆ ಬಂತು. ನನಗೆ ವಯಸ್ಸಾಯಿತೋ, ಆಟಕ್ಕೋ?
— ನಿವೃತ್ತ ಶಿಕ್ಷಕರು, ಮಾಟುಂಗ

ಉತ್ತರ: ಇಬ್ಬರಿಗೂ ಅಲ್ಲ. 2016ರಲ್ಲಿ ಬಂದ ಆ ಆಟದಲ್ಲಿ ಸುಮಾರು 18ರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟು ಗ್ರಹಗಳಿವೆ ಎಂಬುದು ಸುಳ್ಳಲ್ಲ. ಅವನ್ನು ಯಾರೂ ಕೂತು ಚಿತ್ರಿಸಿಲ್ಲ. ಒಂದು ಸಂಖ್ಯೆಯನ್ನು ಸೂತ್ರಕ್ಕೆ ಕೊಟ್ಟರೆ ಬೆಟ್ಟ, ಆಕಾಶದ ಬಣ್ಣ, ಪ್ರಾಣಿಯ ಕಾಲುಗಳು ಎಲ್ಲವೂ ಅಲ್ಲೇ ಹುಟ್ಟುತ್ತವೆ. ಉಪಾಯ ಹಳೆಯದು. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ‘ಎಲೀಟ್’ ಎಂಬ ಆಟದಲ್ಲಿ ಎಂಟು ನಕ್ಷತ್ರಪುಂಜಗಳನ್ನು, ಪುಂಜಕ್ಕೆ 256 ಲೋಕಗಳಂತೆ, 32 ಕಿಲೋಬೈಟ್ ನೆನಪಿನ ಯಂತ್ರದೊಳಗೆ ಹೀಗೆಯೇ ತುಂಬಿಸಿದ್ದರು.

ತೊಂದರೆ ಏನೆಂದರೆ ಸೂತ್ರದ ಬಾಯಲ್ಲಿ ಶಬ್ದಗಳು ನೂರೇ ಇರುತ್ತವೆ. ಇಲ್ಲಿಯ ಕೊಂಬು, ಅಲ್ಲಿಯ ಬಾಲ, ಮೂರನೆಯದರ ಬಣ್ಣ ಸೇರಿಸಿ ಅದು ಕೋಟ್ಯಂತರ ವಾಕ್ಯ ಕಟ್ಟಬಲ್ಲದು, ಆದರೆ ಹದಿನೈದನೆಯ ವಾಕ್ಯಕ್ಕೆ ನಿಮ್ಮಂಥ ಮೇಷ್ಟರು ವ್ಯಾಕರಣವನ್ನು ಹಿಡಿದುಬಿಡುತ್ತಾರೆ. ಆಮೇಲೆ ಉಳಿಯುವುದು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. ಮಾಡಿದವರು ಆಮೇಲೆ ವರ್ಷಗಟ್ಟಲೆ ದುಡ್ಡು ಕೇಳದೆ ಆಟವನ್ನು ತಿದ್ದುತ್ತ ಬಂದಿದ್ದಾರೆ, ಅದು ಅವರ ದೊಡ್ಡತನ. ನನ್ನ ಆಕಳಿಕೆ ಮಾತ್ರ ಹೋಗಲಿಲ್ಲ. ನೀವು 2019ರ ‘ಔಟರ್ ವೈಲ್ಡ್ಸ್’ ನೋಡಿ. ಅಲ್ಲಿರುವುದು ಬೆರಳಲ್ಲಿ ಎಣಿಸುವಷ್ಟು ಗ್ರಹಗಳು, ಒಂದೊಂದೂ ನಮ್ಮ ಶಿವಾಜಿ ಪಾರ್ಕಿನ ಸುತ್ತಳತೆಗಿಂತ ಬಹಳ ದೊಡ್ಡದೇನಲ್ಲ, ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಒಂದು ಗ್ರಹದ ಮರಳು ಇನ್ನೊಂದಕ್ಕೆ ಸುರಿಯುತ್ತಿರುತ್ತದೆ. ನೀವು ತಡಮಾಡಿದರೆ ಗುಹೆಯ ಬಾಗಿಲು ಮರಳಿನಲ್ಲಿ ಹೂತುಹೋಗುತ್ತದೆ. ಪ್ರತಿ ಕಲ್ಲನ್ನೂ ಯಾರೋ ಯೋಚಿಸಿ ಇಟ್ಟಿದ್ದಾರೆ ಎಂಬುದು ಗೊತ್ತಾಗುತ್ತದೆ. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಟಿಪ್ಪಣಿಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ಪ್ರಶ್ನೆ: ಪೂರ್ತಿಯಾಗದ ಆಟಗಳನ್ನು ಮುಂಗಡ ಹಣಕ್ಕೆ ಮಾರುತ್ತಿದ್ದಾರೆ. ಕೊಳ್ಳಬಹುದೇ?
— ಓದುಗರು, ಠಾಣೆ

ಉತ್ತರ: ನಾನು ಒಮ್ಮೆ ಕೊಂಡೆ. ಹೆಸರು ಬೇಡ. ಎರಡು ವರ್ಷದಲ್ಲಿ ನಕ್ಷತ್ರಗಳ ನಡುವೆ ಪ್ರಯಾಣ ಬರುತ್ತದೆ ಎಂದಿದ್ದರು. ಬಂದದ್ದು ಕ್ಷಮಾಪಣೆಯ ಪತ್ರ, ಆಮೇಲೆ ಅದೂ ನಿಂತಿತು. ಇಂದು ಆ ಆಟದಲ್ಲಿ ಏನಿದೆಯೋ ಅಷ್ಟಕ್ಕೇ ಕೇಳಿದ ಬೆಲೆ ಸರಿಯೆನ್ನಿಸಿದರೆ ಕೊಳ್ಳಿ.

ಪ್ರಶ್ನೆ: ಕರ್ಬಲ್ ಆಟದಲ್ಲಿ ನಮ್ಮ ಆದಿತ್ಯ-ಎಲ್1 ನೌಕೆಯ ಯಾನವನ್ನು ಹಾಗೆಯೇ ಮಾಡಿನೋಡಬೇಕೆಂದು ಹೊರಟು ಸೋತೆ. ಅದು ಸೇರಿದ ಎಲ್1 ಬಿಂದುವಿನಲ್ಲಿ ನೌಕೆ ನಿಲ್ಲುವುದೇ ಇಲ್ಲ. ಏಕೆ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಪಿಂಪ್ರಿ

ಉತ್ತರ: ಈ ಬಾರಿ ತಪ್ಪು ನಿಮ್ಮದಲ್ಲ, ಆಟದ್ದೇ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ಗುರಿ ಸೇರಿದ ಆದಿತ್ಯ-ಎಲ್1, ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಬಿಂದುವಿನ ಸುತ್ತ ತಿರುಗುತ್ತಿದೆ. ಸೂರ್ಯ ಮತ್ತು ಭೂಮಿ ಎರಡೂ ಏಕಕಾಲಕ್ಕೆ ಎಳೆಯುವುದರಿಂದ ಹುಟ್ಟುವ ಬಿಂದು ಅದು. ಕರ್ಬಲ್ ಆಟ ಲೆಕ್ಕ ಸುಲಭವಾಗಲೆಂದು ನೌಕೆಯ ಮೇಲೆ ಒಂದು ಹೊತ್ತಿಗೆ ಒಂದೇ ಕಾಯದ ಗುರುತ್ವವನ್ನು ಹಚ್ಚುತ್ತದೆ: ಗ್ರಹದ ಗಡಿಯೊಳಗೆ ಗ್ರಹ, ಗಡಿ ದಾಟಿದರೆ ಸೂರ್ಯ. ಇಬ್ಬರು ಎಳೆಯದಿದ್ದಲ್ಲಿ ನಡುವೆ ನಿಲ್ಲುವ ಜಾಗವಿರುವುದಿಲ್ಲ. ಇದನ್ನು ಸರಿಪಡಿಸಲು ಆಸಕ್ತರು ‘ಪ್ರಿನ್ಸಿಪಿಯಾ’ ಎಂಬ ಹೆಚ್ಚುವರಿ ತಂತ್ರಾಂಶ ಬರೆದಿದ್ದಾರೆ. ಅದರಲ್ಲಿ ಎಲ್ಲ ಕಾಯಗಳೂ ಒಟ್ಟಿಗೆ ಎಳೆಯುತ್ತವೆ. ಅದನ್ನು ಹಾಕಿಕೊಂಡರೆ ಮೊದಲು ನಿಮ್ಮ ಹಳೆಯ ಉಪಗ್ರಹಗಳು ಒಂದೊಂದಾಗಿ ದಾರಿ ತಪ್ಪುವುದನ್ನು ನೋಡಲು ಸಿದ್ಧರಾಗಿರಿ. ನಿಮ್ಮ ಪಕ್ಕದ ಪುಣೆಯ ಐಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆ ಆದಿತ್ಯದ ಮೇಲಿರುವ ಅತಿನೇರಳೆ ದೂರದರ್ಶಕವನ್ನು ರೂಪಿಸಿದೆ. ಅದರ ವಿಜ್ಞಾನ ದಿನದ ಪ್ರದರ್ಶನಕ್ಕೆ ಹೋದರೆ ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಕೇಳಬಹುದು.

ಪ್ರಶ್ನೆ: ಭಾರತದ ಸಿನಿಮಾದವರಿಗೆ ಒಂದು ಒಳ್ಳೆಯ ಬಾಹ್ಯಾಕಾಶ ಚಿತ್ರ ಮಾಡಲು ಏಕೆ ಆಗುತ್ತಿಲ್ಲ? ಮಂಗಳಯಾನದ ಖರ್ಚು ಹಾಲಿವುಡ್ ಚಿತ್ರವೊಂದರ ಖರ್ಚಿಗಿಂತ ಕಡಿಮೆ ಎಂದು ಹೆಮ್ಮೆಪಡುತ್ತೇವೆ. ಹಣವೇ ಅಡ್ಡಿಯೇ?
— ಓದುಗರು, ಬೊರಿವಲಿ

ಉತ್ತರ: ಹಣ ಅಡ್ಡಿಯಲ್ಲ ಎಂದು ನನ್ನ ಅಭಿಪ್ರಾಯ, ಅಡ್ಡಿಯಾಗಿರುವುದು ಕಾಯುವುದರ ಭಯ. ಪ್ರೇಕ್ಷಕ ಎದ್ದುಹೋಗುತ್ತಾನೆಂದು ಹೆದರಿ ನಮ್ಮವರು ನಿಯಂತ್ರಣ ಕೊಠಡಿಯೊಳಗೆ ಒಂದು ಹಾಡು, ಒಂದು ಅಳು, ಒಬ್ಬ ಖಳ ಅಧಿಕಾರಿಯನ್ನು ತುರುಕುತ್ತಾರೆ.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಿ. ಸುಮಾರು ಮುನ್ನೂರು ದಿನ ಮಲಗಿದ್ದ ಮಂಗಳಯಾನದ ಮುಖ್ಯ ಇಂಜಿನ್ ಎದ್ದೇಳಬೇಕಿತ್ತು. ಎದ್ದೀತೇ ಎಂದು ನೋಡಲು ಎರಡು ದಿನ ಮೊದಲು ನಾಲ್ಕು ಸೆಕೆಂಡು ಮಾತ್ರ ಉರಿಸಿದ್ದರು. ಆ ಬೆಳಿಗ್ಗೆ ಸುಮಾರು 24 ನಿಮಿಷ ಉರಿಯಬೇಕು, ನಡುವೆ ನೌಕೆ ಮಂಗಳದ ಹಿಂದೆ ಮರೆಯಾಗುತ್ತದೆ, ಸಂಕೇತ ಭೂಮಿಗೆ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಕೂತವರು ನೋಡುತ್ತಿದ್ದುದು ಆಗಿಹೋದದ್ದನ್ನು. ಏನೇ ಆಗಿದ್ದರೂ ತಿದ್ದಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಯಕ್ಷಗಾನದಲ್ಲಿ ಪಾತ್ರಪ್ರವೇಶದ ಒಡ್ಡೋಲಗಕ್ಕೇ ಅರ್ಧ ಗಂಟೆ ಕೊಟ್ಟು ಬೆಳಗಿನವರೆಗೆ ಕೂತು ನೋಡುವ ಜನ ನಾವು. ನಮಗೆ ಆ ಹನ್ನೆರಡು ನಿಮಿಷವನ್ನು ಹನ್ನೆರಡು ನಿಮಿಷವಾಗಿಯೇ ತೋರಿಸುವ ಧೈರ್ಯ ಯಾರಿಗೂ ಬಂದಿಲ್ಲ.

ಜನ ನೋಡುತ್ತಾರೆಯೇ ಎಂಬ ಅನುಮಾನಕ್ಕೆ 2023ರ ಆಗಸ್ಟ್ 23ರ ಸಂಜೆ ಉತ್ತರ ಸಿಕ್ಕಿದೆ. ಚಂದ್ರಯಾನ-3ರ ಲ್ಯಾಂಡರ್ ಸುಮಾರು 30 ಕಿ.ಮೀ. ಎತ್ತರದಿಂದ ಇಳಿಯತೊಡಗಿದಾಗ ಪರದೆಯ ಮೇಲಿದ್ದದ್ದು ಒಂದು ವಕ್ರರೇಖೆ, ಅದರ ಮೇಲೆ ಸರಿಯುವ ಒಂದು ಚುಕ್ಕೆ, ಬದಿಯಲ್ಲಿ ಎರಡು ಅಂಕಿ. ಇಸ್ರೋದ ಯೂಟ್ಯೂಬ್ ಪ್ರಸಾರವನ್ನು ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡುತ್ತಿದ್ದರು. ನಾನು ಆಗ ದಾದರಿನಿಂದ ಹೊರಟ ಲೋಕಲ್‌ನಲ್ಲಿ ಬಾಗಿಲ ಬಳಿ ನಿಂತಿದ್ದೆ. ಪಕ್ಕದ ಹುಡುಗನ ಫೋನಿನ ಮೇಲೆ ಐದಾರು ತಲೆ ಬಾಗಿದ್ದವು. ಸಯನ್ ದಾಟಿದ ಮೇಲೆ ಚಿತ್ರ ಹೆಪ್ಪುಗಟ್ಟಿತು, ಚುಕ್ಕೆ ರೇಖೆಯ ಕೊನೆಗೆ ಸ್ವಲ್ಪ ಮೊದಲೇ ನಿಂತುಬಿಟ್ಟಿತು. ಯಾರೂ ಮಾತನಾಡಲಿಲ್ಲ. ಇಳಿಯಬೇಕಾದ ಒಬ್ಬರು ಕುರ್ಲಾದಲ್ಲಿ ಇಳಿಯಲಿಲ್ಲ. ಮುಂದಿನ ಡಬ್ಬಿಯಿಂದ ಚೀರು ಕೇಳಿದ ಮೇಲೆಯೇ ನಮಗೆ ಗೊತ್ತಾದದ್ದು, ಇಳಿದಿದೆ ಎಂದು. ಆ ಐದು ನಿಮಿಷವನ್ನು ಹಾಗೆಯೇ ಚಿತ್ರಿಸಿದರೆ ನಾನು ಮೊದಲ ದಿನದ ಮೊದಲ ಆಟಕ್ಕೆ ಬರುತ್ತೇನೆ.

ಪ್ರಶ್ನೆ: ಸಿನಿಮಾದಲ್ಲಿ ನಟರನ್ನು ತೇಲಿಸುವುದು ಹಗ್ಗ ಕಟ್ಟಿಯೇ?
— ಓದುಗರು, ವಾಸ್ಕೋ

ಉತ್ತರ: ಬಹುಪಾಲು ಹೌದು. 1995ರ ‘ಅಪೊಲೊ 13’ ಚಿತ್ರದವರು ಮಾತ್ರ ನಾಸಾದ ತರಬೇತಿ ವಿಮಾನದೊಳಗೆ ಸೆಟ್ ಹಾಕಿದರು. ವಿಮಾನ ಮೇಲೇರಿ ಕಮಾನಿನಂತೆ ಬಾಗಿ ಬೀಳುವಾಗ ಒಳಗಿನವರು ತೇಲುತ್ತಾರೆ, ಒಂದು ಸಲಕ್ಕೆ ಸುಮಾರು 25 ಸೆಕೆಂಡು. ಅಷ್ಟರಲ್ಲೇ ಒಂದು ತುಣುಕು ಮುಗಿಸಬೇಕು. ಅಲ್ಲಿ ಗುರುತ್ವ ಇಲ್ಲವೆಂದಲ್ಲ, 400 ಕಿ.ಮೀ. ಎತ್ತರದ ನಿಲ್ದಾಣದಲ್ಲೂ ಗುರುತ್ವ ನೆಲದ ಮೇಲಿನದರ ಶೇಕಡಾ 88ರಷ್ಟಿದೆ. ಎಲ್ಲರೂ ಒಟ್ಟಿಗೆ ಬೀಳುತ್ತಿರುವುದರಿಂದ ತೇಲಿದಂತೆ ಕಾಣುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ, ನಿಮ್ಮ ಆಟದಲ್ಲಿ ಮೂವರು ಕರ್ಬಲ್‌ಗಳು, ಅಂದರೆ ಆಟದ ಗಗನಯಾತ್ರಿಗಳು, ಇಂಧನ ಮುಗಿದು ಮುನ್ ಎಂಬ ಚಂದ್ರನ ಮೇಲೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಬರೆದಿದ್ದಿರಿ. ಅವರ ಗತಿಯೇನಾಯಿತು?
— ಗೃಹಿಣಿ, ಚೆಂಬೂರು

ಉತ್ತರ: ನೆನಪಿಟ್ಟುಕೊಂಡು ಕೇಳಿದ್ದಕ್ಕೆ ವಂದನೆಗಳು. ಕಳೆದ ದೀಪಾವಳಿ ರಜೆಯಲ್ಲಿ ರಕ್ಷಣಾ ನೌಕೆ ಕಳಿಸಿದೆ. ಅದು ಮೂರು ಆಸನದ ನೌಕೆ. ಅವರಿಂದ ಇನ್ನೂರು ಮೀಟರ್ ದೂರದಲ್ಲಿ ನೆಟ್ಟಗೆ ಇಳಿಸಿ, ಮೂವರನ್ನೂ ನಡೆಸಿಕೊಂಡು ಬಂದು, ಇಬ್ಬರನ್ನು ಹತ್ತಿಸಿದ ಮೇಲೆ ‘ಆಸನ ಖಾಲಿಯಿಲ್ಲ’ ಎಂದು ಪರದೆ ಹೇಳಿತು. ನೌಕೆ ಹಾರಿಸುವಾಗ ಚಾಲಕನೊಬ್ಬನನ್ನು ಕೂರಿಸಿದ್ದೆ. ಮೂರನೆಯವನು ಇನ್ನೂ ಅಲ್ಲೇ, ಹಳೆಯ ನೌಕೆಯ ಏಣಿಯ ಪಕ್ಕದಲ್ಲಿ ನಿಂತಿದ್ದಾನೆ. ಚಾಲಕನಿಲ್ಲದೆ ಹಾರುವ ಹೊಸ ನೌಕೆ ಅರ್ಧ ಕಟ್ಟಿ ಆಗಿದೆ. ಈ ಸಲ ದೀಪ ಹಾಕಿದ್ದೇನೆ.